ಎಸ್‌ಎ80: ಕೆಟ್ಟು ಸರಿಯಾದ ಒಂದು ಬುಲ್‌ಪಪ್ ರೈಫಲ್‌ನ ಪ್ರಕರಣ

1985ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೇನೆಗೆ ಹೊಸ ರೈಫಲ್ ಬಂತು. ಗಿಡ್ಡಗಿತ್ತು, ಗುರಿ ಚೆನ್ನಾಗಿ ಹಿಡಿಯುತ್ತಿತ್ತು, ಮೇಲೆ ದುರ್ಬೀನು ಕೂತಿತ್ತು. ಆರು ವರ್ಷ ಆಗುವಷ್ಟರಲ್ಲಿ ಅದೇ ಸೇನೆಯ ಸೈನಿಕರು ಮರುಭೂಮಿಯಲ್ಲಿ ಅದರ ಮೇಲಿನ ನಂಬಿಕೆ ಕಳೆದುಕೊಂಡರು. ಹದಿನೈದು ವರ್ಷದ ಮೇಲೆ ಅದನ್ನು ಒಂದು ಜರ್ಮನ್ ಕಂಪನಿಗೆ ಕೊಟ್ಟು ಒಳಗಿನ ಭಾಗಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಆಮೇಲೆ ಅದು ಒಳ್ಳೆಯ ರೈಫಲ್ ಆಯಿತು. ಹೊರಗಿನ ಆಕಾರ ಹೆಚ್ಚುಕಡಿಮೆ ಮೊದಲಿನದೇ ಉಳಿಯಿತು.

ಆಕಾರ ಬದಲಾಗಲಿಲ್ಲ ಅನ್ನುವುದಕ್ಕೇ ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದು. ಎಸ್‌ಎ80 ಕೆಟ್ಟದ್ದು ಬುಲ್‌ಪಪ್, ಅಂದರೆ ಯಂತ್ರಭಾಗವನ್ನು ಹಿಂದಕ್ಕೆ ತಳ್ಳಿ ಗಿಡ್ಡ ಮಾಡಿದ ಬಂದೂಕು, ಅನ್ನುವ ಯೋಚನೆಯಿಂದ ಅಂತ ಬಹಳ ಜನ ಇವತ್ತಿಗೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಯೋಚನೆ ಗಟ್ಟಿಯಾಗಿತ್ತು. ತಪ್ಪಾದದ್ದು ಸಣ್ಣ ಸಣ್ಣ ಭಾಗಗಳಲ್ಲಿ, ಮತ್ತು ಆ ಭಾಗಗಳ ಬಗ್ಗೆ ಬಂದ ದೂರನ್ನು ಯಾರು ಕೇಳಿಸಿಕೊಂಡರು ಅನ್ನುವುದರಲ್ಲಿ. ವಿನ್ಯಾಸಕಾರರು, ಅಧಿಕಾರಿಗಳು, ದೂರು ಕೊಟ್ಟ ಸೈನಿಕರು ಯಾರು ಅಂತ ಇಲ್ಲಿ ಹೆಸರು ಹೇಳಿಲ್ಲ. ಈ ಕಥೆ ತಿಳಿಯುವುದಕ್ಕೆ ಆ ಹೆಸರುಗಳು ಬೇಕಾಗಿಲ್ಲ, ಅವರು ನಿಂತಿದ್ದ ಜಾಗ ಗೊತ್ತಿದ್ದರೆ ಸಾಕು.

ಗಿಡ್ಡ ಬಂದೂಕು ಯಾಕೆ ಬೇಕಾಯಿತು

ಮಾಮೂಲಿ ರೈಫಲ್‌ನಲ್ಲಿ ಟ್ರಿಗರ್ ಹಿಂದೆ, ತೋಟಾ ತುಂಬಿದ ಡಬ್ಬಿ ಅಂದರೆ ಮ್ಯಾಗಜಿನ್ ಮುಂದೆ. ಭುಜಕ್ಕೆ ಆನಿಸುವ ಬಟ್ ಸುಮ್ನೆ ಜಾಗ ತುಂಬಿಕೊಂಡಿರುತ್ತದೆ. ಬುಲ್‌ಪಪ್‌ನಲ್ಲಿ ಗುಂಡು ಹಾರಿಸುವ ಯಂತ್ರಭಾಗವನ್ನೆಲ್ಲ ಆ ಬಟ್‌ನೊಳಗೇ ತಳ್ಳುತ್ತಾರೆ. ಟ್ರಿಗರ್ ಮುಂದೆ ಬರುತ್ತದೆ, ಮ್ಯಾಗಜಿನ್ ಕೈಯ ಹಿಂದೆ ಹೋಗುತ್ತದೆ. ನಮ್ಮ ವಿಶೇಷ ಪಡೆಗಳ ಕೈಯಲ್ಲಿ ಇಸ್ರೇಲಿನ ಟವೋರ್ ನೋಡಿದವರಿಗೆ ಈ ಆಕಾರದ ಪರಿಚಯ ಇರುತ್ತದೆ.

ಇದರಿಂದ ಆಗುವ ಲಾಭ ಅಳತೆಯಲ್ಲೇ ಕಾಣುತ್ತದೆ. ಅಮೆರಿಕದ ಎಂ16ಎ2 ರೈಫಲ್‌ನ ಬ್ಯಾರಲ್ 508 ಮಿಲಿಮೀಟರ್, ಪೂರ್ತಿ ಉದ್ದ ಸುಮಾರು 1 ಮೀಟರ್. ಎಸ್‌ಎ80ಯ ಬ್ಯಾರಲ್ ಅದಕ್ಕಿಂತ ಸ್ವಲ್ಪ ಉದ್ದವೇ, 518 ಮಿಲಿಮೀಟರ್. ಆದರೂ ಪೂರ್ತಿ ಉದ್ದ ಬರೀ 785 ಮಿಲಿಮೀಟರ್. ಗುಂಡಿನ ವೇಗ ಕಳೆದುಕೊಳ್ಳದೆ 20 ಸೆಂಟಿಮೀಟರ್‌ಗಿಂತ ಜಾಸ್ತಿ ಉಳಿತಾಯ.

ಬ್ರಿಟಿಷರಿಗೆ ಈ ಉಳಿತಾಯ ನಿಜವಾಗಿಯೂ ಬೇಕಿತ್ತು. ಅವರ ಪದಾತಿ ಸೈನಿಕರು ಆಗ ಉಕ್ಕಿನ ಕವಚದ ವಾಹನಗಳಲ್ಲಿ, ಹೆಲಿಕಾಪ್ಟರ್‌ಗಳಲ್ಲಿ ಓಡಾಡುತ್ತಿದ್ದರು. ಉತ್ತರ ಐರ್ಲೆಂಡಿನ ಬೀದಿಗಳಲ್ಲಿ ಗಸ್ತು ತಿರುಗುತ್ತಿದ್ದರು. ಅವರ ಕೈಯಲ್ಲಿದ್ದದ್ದು ಎಸ್‌ಎಲ್‌ಆರ್. ಬೆಲ್ಜಿಯಂನ ಎಫ್‌ಎನ್ ಫಾಲ್ ರೈಫಲ್‌ನ ಬ್ರಿಟಿಷ್ ರೂಪ ಅದು. ನಮ್ಮ ಸೈನ್ಯವೂ ಅದರ ಅಣ್ಣತಮ್ಮನಂಥ 1ಎ1 ಬಂದೂಕನ್ನು ಇಶಾಪುರದ ಕಾರ್ಖಾನೆಯಲ್ಲಿ ಮಾಡಿಸಿಕೊಂಡು ದಶಕಗಟ್ಟಲೆ ಬಳಸಿತು. ನಂಬಿಕೆಯ ಬಂದೂಕು, ಆದರೆ 1.1 ಮೀಟರ್‌ಗೂ ಮೀರಿದ ಉದ್ದ. ಅಂಥದ್ದನ್ನು ಹಿಡಿದುಕೊಂಡು ವಾಹನದ ಹಿಂಬಾಗಿಲಿನಿಂದ ಹತ್ತು ಜನ ಒಟ್ಟಿಗೆ ಇಳಿಯುವುದು ಕಷ್ಟ.

ಒಮ್ಮೆ ಕೈಗೆ ಬಂದು ಜಾರಿದ್ದು

ಬ್ರಿಟನ್ನಿಗೆ ಬುಲ್‌ಪಪ್ ಹೊಸದೂ ಆಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಕೂಡಲೇ ಅಲ್ಲಿನ ತಜ್ಞರು ಇಎಂ-2 ಅನ್ನುವ ಬುಲ್‌ಪಪ್ ಮಾಡಿದ್ದರು. ಉದ್ದ 889 ಮಿಲಿಮೀಟರ್. ಅದಕ್ಕೇ ಅಂತ ತಯಾರಾದ 7 ಮಿಲಿಮೀಟರ್ ತೋಟಾ, ಪ್ರತಿ ಬಂದೂಕಿಗೂ ಗುರಿ ಹಿಡಿಯಲು ಗಾಜಿನ ದುರ್ಬೀನು. 1951ರಲ್ಲಿ ಪ್ರಧಾನಿ ಆಟ್ಲಿಯವರ ಸರ್ಕಾರ ಅದನ್ನು ಸೇನೆಗೆ ಆರಿಸಿಯೂ ಆಗಿತ್ತು.

ಅದೇ ವರ್ಷ ಚರ್ಚಿಲ್ ಮತ್ತೆ ಪ್ರಧಾನಿಯಾದರು. ಅಮೆರಿಕ 7.62 ಮಿಲಿಮೀಟರ್‌ನ ದೊಡ್ಡ ತೋಟಾವೇ ಬೇಕು ಅಂತ ಹಟ ಹಿಡಿದಿತ್ತು. ನ್ಯಾಟೋ ದೇಶಗಳೆಲ್ಲ ಒಂದೇ ತೋಟಾ ಬಳಸಬೇಕು ಅನ್ನುವ ಒತ್ತಡಕ್ಕೆ ಚರ್ಚಿಲ್ ಇಎಂ-2ವನ್ನು ಕೈಬಿಟ್ಟರು. ಎಸ್‌ಎಲ್‌ಆರ್ ಬಂದದ್ದು ಆ ಜಾಗಕ್ಕೆ.

ಇದನ್ನು ಬರೀ ರಾಜಕೀಯದ ಘಟನೆ ಅಂತ ಓದಿ ಮುಂದೆ ಹೋಗುವವರು ಜಾಸ್ತಿ. ಕಾರ್ಖಾನೆಯ ಕಡೆಯಿಂದ ನೋಡಿದರೆ ಬೇರೆಯೇ ಒಂದು ನಷ್ಟ ಕಾಣುತ್ತದೆ. ಲಂಡನ್ನಿನ ಉತ್ತರಕ್ಕಿದ್ದ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ 19ನೇ ಶತಮಾನದಿಂದ ಬಂದೂಕು ಮಾಡುತ್ತಿತ್ತು. 1950ರ ದಶಕದಿಂದ ಸೇನೆಯ ಮುಖ್ಯ ರೈಫಲ್‌ನ ಮೂಲ ನಕ್ಷೆಯೇ ಹೊರದೇಶದ್ದಾಯಿತು. ಸೈನಿಕನ ರೈಫಲ್ ಒಂದನ್ನು ಖಾಲಿ ಹಾಳೆಯಿಂದ ಶುರುಮಾಡಿ, ಪರೀಕ್ಷಿಸಿ, ತಿದ್ದಿ, ಲಕ್ಷಗಟ್ಟಲೆ ತಯಾರಿಸುವ ತನಕ ಕೊಂಡೊಯ್ಯುವ ಕೆಲಸ ಸುಮಾರು ಎರಡು ದಶಕ ನಿಂತುಹೋಯಿತು. ಇಎಂ-2 ಮಾಡಿದವರ ಕೈಯ ಅನುಭವ ಮುಂದಿನ ತಲೆಮಾರಿಗೆ ಇಳಿಯಲು ದಾರಿಯೇ ಇರಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದು ಅಂತ ನನಗೆ ಅನ್ನಿಸುತ್ತದೆ. ಇದರ ಬೆಲೆ ತೆರಬೇಕಾಗಿ ಬಂದದ್ದು ಮೂವತ್ತು ವರ್ಷದ ಮೇಲೆ.

ಎರಡನೇ ಪ್ರಯತ್ನ

1970ರ ದಶಕದಲ್ಲಿ ಎನ್‌ಫೀಲ್ಡ್‌ನಲ್ಲಿ ಹೊಸ ಬುಲ್‌ಪಪ್‌ನ ಕೆಲಸ ಶುರುವಾಯಿತು. ಹೊರನೋಟಕ್ಕೆ ಇಎಂ-2ರ ಮೊಮ್ಮಗನ ಹಾಗೆ ಕಂಡರೂ ಒಳಗೆ ಬೇರೆಯೇ. ಅಮೆರಿಕದ ಎಆರ್-18 ರೈಫಲ್‌ನ ಗ್ಯಾಸ್ ಪಿಸ್ಟನ್, ತೋಟಾವನ್ನು ಬ್ಯಾರಲ್‌ಗೆ ತಳ್ಳಿ ಹಿಂದಿನಿಂದ ಮುಚ್ಚುವ ತಿರುಗುವ ಬೋಲ್ಟ್ ಇವೆಲ್ಲ ಇಲ್ಲಿಗೆ ಬಂದವು. ಕಡಿದು ಕೊರೆದ ಉಕ್ಕಿನ ಬದಲು ಒತ್ತಿ ಬಗ್ಗಿಸಿದ ತಗಡು, ಅದಕ್ಕೆ ವೆಲ್ಡಿಂಗ್. ಹಣ ಉಳಿಯುತ್ತದೆ ಅನ್ನುವ ಲೆಕ್ಕ. ಲೆಕ್ಕ ಸರಿಯೇ. ಆದರೆ ತಗಡಿನ ಕೆಲಸಕ್ಕೆ ಅಳತೆಯ ಶಿಸ್ತು ಜಾಸ್ತಿ ಬೇಕು. ಒಳಗೆ ಬೋಲ್ಟ್ ಹಿಂದೆಮುಂದೆ ಓಡುವ ಹಾದಿ ಸ್ವಲ್ಪ ಸೊಟ್ಟಗಾದರೂ ತೊಂದರೆ ಅಲ್ಲೇ ಶುರು.

ತೋಟಾ ಮೊದಲು 4.85 ಮಿಲಿಮೀಟರ್ ಇತ್ತು. ಬ್ರಿಟಿಷರದೇ ಹೊಸ ತೋಟಾ. 1976ರಲ್ಲಿ ಲೋಕಕ್ಕೆ ತೋರಿಸಿದರು, ನ್ಯಾಟೋ ಪರೀಕ್ಷೆಗೂ ಕಳಿಸಿದರು. ನ್ಯಾಟೋ ಕೊನೆಗೆ ಬೆಲ್ಜಿಯಂ ತಿದ್ದಿದ 5.56 ಮಿಲಿಮೀಟರ್ ತೋಟಾವನ್ನು ಆರಿಸಿತು. ಇತಿಹಾಸ ಮರುಕಳಿಸಿತು ಅಲ್ವಾ? ಈ ಸಲ ಮಾತ್ರ ರೈಫಲ್ ಬಿಡಲಿಲ್ಲ, ಅದನ್ನೇ 5.56ಕ್ಕೆ ಹೊಂದಿಸಿದರು. ತೋಟಾ ಬದಲಾದರೆ ಬ್ಯಾರಲ್ ಒಂದನ್ನು ಬದಲಿಸಿದರೆ ಮುಗಿಯುವುದಿಲ್ಲ. ಗ್ಯಾಸ್ ಒತ್ತಡ, ಬೋಲ್ಟ್‌ನ ವೇಗ, ಮ್ಯಾಗಜಿನ್‌ನಿಂದ ತೋಟಾ ಏರುವ ಕೋನ, ಗುಂಡು ಹೋದ ಮೇಲೆ ಉಳಿಯುವ ತೋಟಾದ ಖಾಲಿ ಕೇಸ್ ಹೊರಹಾರುವ ದಿಕ್ಕು ಎಲ್ಲವನ್ನೂ ಮತ್ತೆ ಹದಕ್ಕೆ ತರಬೇಕು.

ಇಲ್ಲೇ ಇನ್ನೊಂದು ನಿರ್ಧಾರವೂ ಆಯಿತು. ಮೊದಲಿನ ಮಾದರಿಗಳಲ್ಲಿ ಎಡಗಡೆ ಭುಜದಿಂದ ಹಾರಿಸುವವರಿಗೆ ಬೇರೆ ರೂಪ ಇತ್ತು. ಉತ್ಪಾದನೆಗೆ ಬರುವಷ್ಟರಲ್ಲಿ ಅದನ್ನು ಬಿಟ್ಟರು. ಎಲ್ಲರೂ ಬಲಗಡೆ ಭುಜದಿಂದಲೇ ಹಾರಿಸಲಿ ಅಂದುಬಿಟ್ಟರು. ಬುಲ್‌ಪಪ್‌ನಲ್ಲಿ ಇದು ಬರೀ ಅನುಕೂಲದ ಮಾತಲ್ಲ. ಖಾಲಿ ಕೇಸ್ ಹೊರಬರುವ ಕಿಂಡಿ ಕೆನ್ನೆಯ ಪಕ್ಕದಲ್ಲೇ ಇರುತ್ತದೆ. ಎಸ್‌ಎ80ಯಲ್ಲಿ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆಯುವ ಕಾಕಿಂಗ್ ಹ್ಯಾಂಡಲ್ ಕೂಡ ಬಲಗಡೆಗೇ ಇದೆ, ಪ್ರತಿ ಗುಂಡಿಗೂ ಬೋಲ್ಟ್ ಜೊತೆ ಹಿಂದಕ್ಕೆ ಬಡಿಯುತ್ತದೆ. ಎಡಭುಜಕ್ಕೆ ಇಟ್ಟು ಹಾರಿಸಿದರೆ ಅದು ಮುಖಕ್ಕೇ ಬಡಿದೀತು. ಗೋಡೆಯ ಮರೆಯಲ್ಲಿ ನಿಂತು ಅದರ ಎಡ ಅಂಚಿನಿಂದ ಇಣುಕುವ ಸೈನಿಕ ಎಡಭುಜದಿಂದ ಹಾರಿಸಿದರೆ ಮೈಯೆಲ್ಲ ಮರೆಯಲ್ಲೇ ಇರುತ್ತದೆ. ಈ ರೈಫಲ್ ಹಿಡಿದವನು ಮೈ ಹೊರಗೆ ಹಾಕಲೇಬೇಕು.

ಅದೇ ಹೊತ್ತಿಗೆ ಆಸ್ಟ್ರಿಯಾ ಎಯುಜಿ ಅನ್ನುವ ಬುಲ್‌ಪಪ್ ತಂದಿತ್ತು, ಫ್ರಾನ್ಸ್ ಫಾಮಾಸ್ ತಂದಿತ್ತು. ಎರಡರಲ್ಲೂ ಕೇಸ್ ಹಾರುವ ದಿಕ್ಕನ್ನು ಎಡಕ್ಕೋ ಬಲಕ್ಕೋ ಬದಲಿಸಿಕೊಳ್ಳಬಹುದಿತ್ತು. ಹಾಗಾಗಿ ಆ ಕಾಲದಲ್ಲಿ ಇದು ಸಾಧ್ಯವೇ ಇರಲಿಲ್ಲ ಅನ್ನುವ ಸಮರ್ಥನೆ ನಿಲ್ಲುವುದಿಲ್ಲ.

ಮುಚ್ಚುವ ಕಾರ್ಖಾನೆಯಲ್ಲಿ ಹುಟ್ಟಿದ ಬಂದೂಕು

ಸೇನೆಗೆ ಕೊಡುವ ಮೊದಲೇ ಪರೀಕ್ಷೆಗಳಲ್ಲಿ ದೋಷಗಳು ಕಂಡಿದ್ದವು. ಕೆಲವನ್ನು ತಿದ್ದಿದರು, ಕೆಲವು ಉಳಿದುಕೊಂಡವು. ಆದರೂ 1985ರಲ್ಲಿ ಎಲ್85ಎ1 ಅನ್ನುವ ಹೆಸರಲ್ಲಿ ಬಂದೂಕು ಸೇವೆಗೆ ಇಳಿಯಿತು.

ಅದೇ ವರ್ಷ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳು ರಾಯಲ್ ಆರ್ಡ್‌ನೆನ್ಸ್ ಅನ್ನುವ ಕಂಪನಿಯಾದವು. 1987ರಲ್ಲಿ ಅದನ್ನು ಬ್ರಿಟಿಷ್ ಏರೋಸ್ಪೇಸ್ ಕೊಂಡಿತು. 1988ರಲ್ಲಿ ಎನ್‌ಫೀಲ್ಡ್ ಬಾಗಿಲು ಮುಚ್ಚಿತು, ಉತ್ಪಾದನೆ ನಾಟಿಂಗ್‌ಹ್ಯಾಮ್‌ಗೆ ಹೋಯಿತು.

ಈ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಹೊಸ ಬಂದೂಕಿನ ಮೊದಲ ಮೂರು ವರ್ಷ ಬಹಳ ಮುಖ್ಯ. ಸೈನಿಕನ ದೂರು ಬರುತ್ತದೆ, ನಕ್ಷೆ ಮಾಡಿದವನು ಯಂತ್ರದ ಪಕ್ಕ ನಿಂತು ಅದನ್ನು ನೋಡುತ್ತಾನೆ, ಅಚ್ಚು ತಿದ್ದುತ್ತಾರೆ. ಸರಿಯಾಗಿ ಆ ವರ್ಷಗಳಲ್ಲೇ ಕಾರ್ಖಾನೆಯ ಒಡೆತನ ಎರಡು ಸಲ ಬದಲಾಯಿತು, ಕೊನೆಗೆ ಜಾಗವೇ ಬದಲಾಯಿತು. ಕೆಲಸ ಯಾವಾಗ ಹೋಗುತ್ತದೋ ಅನ್ನುವ ಚಿಂತೆಯಲ್ಲಿರುವ ಮನುಷ್ಯನ ಹತ್ತಿರ ಕೂದಲೆಳೆಯ ಅಳತೆಯ ಶ್ರದ್ಧೆ ಕೇಳುವುದು ಅನ್ಯಾಯ. ಬಂದೂಕು ಕೆಟ್ಟದ್ದಕ್ಕೆ ಕಾರ್ಮಿಕರನ್ನು ಬೈಯುವವರು ಈ ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

ಸೈನಿಕನ ಕೈಯಲ್ಲಿ

ಒಳ್ಳೆಯದನ್ನೂ ಹೇಳಬೇಕು. ಗುರಿಯ ವಿಷಯದಲ್ಲಿ ಈ ಬಂದೂಕಿಗೆ ಮೊದಲ ದಿನದಿಂದಲೂ ಹೆಸರಿತ್ತು. ಸುಸಾಟ್ ಅನ್ನುವ ನಾಲ್ಕು ಪಟ್ಟು ಹತ್ತಿರ ತೋರಿಸುವ ದುರ್ಬೀನು ಮಾಮೂಲಿ ಪದಾತಿ ಸೈನಿಕನಿಗೂ ಸಿಕ್ಕಿತು. ಸೈನಿಕರ ಅಂಕಗಳು ಏರಿದವು, ಗುರಿ ಪರೀಕ್ಷೆಯನ್ನೇ ಕಠಿಣ ಮಾಡಬೇಕಾಯಿತು. ಅವತ್ತಿನ ಬಹುಪಾಲು ಬೇರೆ ಸೇನೆಗಳಲ್ಲಿ ದುರ್ಬೀನು ಅಂದರೆ ಸ್ನೈಪರ್‌ಗಳ ಸೊತ್ತು.

ಬಂದೂಕು ಗಿಡ್ಡಗಾದರೂ ಹಗುರ ಆಗಲಿಲ್ಲ. ತುಂಬಿದ ಮ್ಯಾಗಜಿನ್, ದುರ್ಬೀನು ಎಲ್ಲ ಸೇರಿ ಹತ್ತಿರ ಹತ್ತಿರ 5 ಕಿಲೋ. ಅದರಲ್ಲಿ ಬಹುಪಾಲು ಭಾರ ಹಿಂದುಗಡೆ. ಟ್ರಿಗರ್‌ನಿಂದ ಹಿಂದಿನ ಯಂತ್ರಭಾಗಕ್ಕೆ ಉದ್ದನೆಯ ಕಂಬಿಯ ಸಂಪರ್ಕ. ಹಳೇ ಸೈಕಲ್‌ನ ಹಿಂದಿನ ಚಕ್ರದ ರಾಡ್ ಬ್ರೇಕ್ ಹಿಡಿದಾಗ ಬೆರಳಿಗೆ ಹೇಗೆ ಎಳೆತ ಗೊತ್ತಾಗುತ್ತದೋ ಹಾಗೆ, ಟ್ರಿಗರ್ ಎಳೆದಾಗ ನಡುವಿನ ದಾರಿ ಬೆರಳಿಗೆ ತಿಳಿಯುತ್ತಿತ್ತು. ಇವು ಬುಲ್‌ಪಪ್ ಜೊತೆಗೇ ಬರುವ ಕಷ್ಟಗಳು, ಗೊತ್ತಿದ್ದೇ ಒಪ್ಪಿಕೊಂಡದ್ದು. ಸೈನಿಕರು ಇದಕ್ಕೆಲ್ಲ ಹೊಂದಿಕೊಂಡರು.

ಹೊಂದಿಕೊಳ್ಳಲಾಗದ ತೊಂದರೆಗಳು ಬೇರೆ. ಅವುಗಳಲ್ಲಿ ಎರಡನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ಮ್ಯಾಗಜಿನ್ ಬಿಡಿಸುವ ಗುಂಡಿ. ಬಂದೂಕಿನ ಎಡಗಡೆ ಹೊರಕ್ಕೆ ಚಾಚಿಕೊಂಡಿತ್ತು. ಸೈನಿಕ ಬಂದೂಕನ್ನು ಎದೆಗೆ ಅಡ್ಡ ನೇತುಹಾಕಿಕೊಂಡು ನಡೆಯುತ್ತಾನೆ. ಎಡಗಡೆ ಮೈಗೆ ಒತ್ತುತ್ತದೆ. ಬೆಲ್ಟಿನ ಚೀಲವೋ, ಎದೆಯ ಪಟ್ಟಿಯೋ ಆ ಗುಂಡಿಯನ್ನು ಒತ್ತಿದರೆ ಮ್ಯಾಗಜಿನ್ ಕಳಚುತ್ತದೆ. ಕತ್ತಲಲ್ಲಿ, ಹುಲ್ಲಿನಲ್ಲಿ ಬಿದ್ದರೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಗುಂಡು ಹಾರಿಸುವಾಗ: ಒಳಗಿದ್ದ ಒಂದು ಗುಂಡು ಹೋಗುತ್ತದೆ, ಅಷ್ಟೇ. ಇದಕ್ಕೆ ಪರಿಹಾರ ಏನು ಗೊತ್ತಾ? ಗುಂಡಿಯ ಸುತ್ತ ಒಂದು ಸಣ್ಣ ಅಂಚು. ಆಮೇಲೆ ಹಾಗೇ ಮಾಡಿದರು. ಒಬ್ಬ ಸೈನಿಕನಿಗೆ ಪೂರ್ತಿ ಸಾಮಾನು ಹೊರಿಸಿ, ಬಂದೂಕು ಕೊಟ್ಟು, ಒಂದು ರಾತ್ರಿ ಕಾಡಲ್ಲಿ ನಡೆಸಿದ್ದರೆ ಸಿಗುತ್ತಿದ್ದ ದೋಷ ಇದು.

ಎರಡನೆಯದು ಆ ಕಾಕಿಂಗ್ ಹ್ಯಾಂಡಲ್. ಗುಂಡು ಹೋದ ಮೇಲೆ ಖಾಲಿ ಕೇಸ್ ಬಲಗಡೆ ಕಿಂಡಿಯಿಂದ ಹಾರಬೇಕು. ಅದೇ ಕ್ಷಣ ಹ್ಯಾಂಡಲ್ ಕೂಡ ಆ ಜಾಗದಲ್ಲೇ ಓಡುತ್ತಿರುತ್ತದೆ. ಕೆಲವು ಸಲ ಕೇಸ್ ಹ್ಯಾಂಡಲ್‌ಗೆ ಬಡಿದು ವಾಪಸ್ ಕಿಂಡಿಯೊಳಗೇ ಬರುತ್ತಿತ್ತು. ಬೋಲ್ಟ್ ಮುಂದೆ ಬಂದು ಅದನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು. ಬಂದೂಕು ಜಾಮ್. ಹೊರಗಿನಿಂದ ನೋಡುವವರು ಕೊಳೆ ಅಂದುಕೊಳ್ಳುತ್ತಾರೆ, ಸೈನಿಕ ಸರಿಯಾಗಿ ಒರೆಸಿಲ್ಲ ಅನ್ನುತ್ತಾರೆ. ನಿಜವಾದ ಕಾರಣ ಒಂದು ಹ್ಯಾಂಡಲ್‌ನ ಆಕಾರ.

ಇನ್ನು ಉಳಿದವು: ಫೈರಿಂಗ್ ಪಿನ್ ಮುರಿಯುವುದು, ಸೊಳ್ಳೆ ಓಡಿಸುವ ಎಣ್ಣೆ ತಾಗಿದರೆ ಪ್ಲಾಸ್ಟಿಕ್ ಭಾಗ ಕರಗುವುದು, ಮ್ಯಾಗಜಿನ್‌ಗಳು ಸುಲಭವಾಗಿ ಹಾಳಾಗುವುದು.

ಮರಳು ಮತ್ತು ಮೌನ

1991ರ ಕೊಲ್ಲಿ ಯುದ್ಧದಲ್ಲಿ ಇದೆಲ್ಲ ಒಟ್ಟಿಗೆ ಎದುರಾಯಿತು. ಮರಳು ಹಿಟ್ಟಿನಷ್ಟು ನುಣುಪು, ಎಲ್ಲ ಕಡೆ ಸೇರಿಕೊಳ್ಳುತ್ತದೆ. ಎಣ್ಣೆ ಹಾಕಿದರೆ ಅದಕ್ಕೆ ಅಂಟುತ್ತದೆ, ಹಾಕದಿದ್ದರೆ ಲೋಹ ಲೋಹಕ್ಕೆ ಉಜ್ಜುತ್ತದೆ. ಯುದ್ಧದ ನಂತರ ಸೇನೆಯೊಳಗೇ ಒಂದು ವರದಿ ತಯಾರಾಯಿತು. ಸೈನಿಕರು ಎಷ್ಟೇ ಶ್ರದ್ಧೆಯಿಂದ ಶುಚಿ ಮಾಡಿದರೂ ಬಂದೂಕು ಪದೇ ಪದೇ ನಿಲ್ಲುತ್ತಿತ್ತು, ಅವರಿಗೆ ತಮ್ಮ ಬಂದೂಕಿನ ಮೇಲೆ ನಂಬಿಕೆ ಇರಲಿಲ್ಲ ಅನ್ನುವುದು ಅದರ ಸಾರ. ಆ ವರದಿ ಪತ್ರಿಕೆಗಳಿಗೆ ಸೋರಿತು, ಸಂಸತ್ತಿನಲ್ಲಿ ಪ್ರಶ್ನೆಗಳು ಎದ್ದವು.

ಈ ಪ್ರಕರಣದ ಅತಿ ದೊಡ್ಡ ತಿರುವು ಇಲ್ಲಿ ಬರಬೇಕಿತ್ತು, ಬರಲಿಲ್ಲ. ಲಕ್ಷಗಟ್ಟಲೆ ಬಂದೂಕು ಆಗಲೇ ತಯಾರಾಗಿದ್ದವು. ತಪ್ಪು ದೊಡ್ಡದು ಅಂತ ಒಪ್ಪಿದರೆ ಹಣ ಹುಡುಕಬೇಕು, ಇಷ್ಟು ದಿನ ಸಮರ್ಥಿಸಿಕೊಂಡವರು ಉತ್ತರ ಕೊಡಬೇಕು. ಒಂದೊಂದೇ ಭಾಗಕ್ಕೆ ತೇಪೆ ಹಾಕುತ್ತಾ ವರ್ಷಗಳು ಉರುಳಿದವು. ಬ್ರಿಟನ್ನಿನದೇ ವಿಶೇಷ ಪಡೆಗಳು ಅಮೆರಿಕದ ಎಂ16 ವಂಶದ ಬಂದೂಕನ್ನೇ ಹಿಡಿದುಕೊಂಡು ಹೋಗುತ್ತಿದ್ದವು. ಆಯ್ಕೆ ಮಾಡುವ ಸ್ವಾತಂತ್ರ್ಯ ಇದ್ದವರು ಯಾವುದನ್ನು ಆರಿಸಿದರು ಅನ್ನುವುದಕ್ಕಿಂತ ನೇರವಾದ ಪರೀಕ್ಷಾ ವರದಿ ಬೇಕಿರಲಿಲ್ಲ. 1997ರಲ್ಲಿ ನ್ಯಾಟೋ ತನ್ನ ಅಂಗೀಕೃತ ಆಯುಧಗಳ ಪಟ್ಟಿಯಿಂದ ಎಸ್‌ಎ80ಯನ್ನು ಕೈಬಿಟ್ಟಿತು.

ಕಾರ್ಗಿಲ್‌ನಲ್ಲಿ ನಮ್ಮ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಚಳಿಗೆ ಬಿರುಕು ಬಿಟ್ಟವು ಅನ್ನುವ ದೂರು ನೆನಪಿರುವವರಿಗೆ ಈ ಭಾಗ ಹೊಸದೇನಲ್ಲ. ಇನ್ಸಾಸ್ ಬುಲ್‌ಪಪ್ ಅಲ್ಲ. ಆದರೂ ಯುದ್ಧಭೂಮಿಯ ಚಳಿ, ಮರಳು ಪರೀಕ್ಷಾ ಮೈದಾನದಲ್ಲಿ ಸಾಕಷ್ಟು ಕಾಣದಿದ್ದರೆ ಅದರ ಲೆಕ್ಕ ಸೈನಿಕನ ಕೈಯಲ್ಲೇ ಚುಕ್ತಾ ಆಗುತ್ತದೆ.

ದುರಸ್ತಿ

ಕೊನೆಗೆ 2000ದಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿಗೆ ಕೆಲಸ ಹೋಯಿತು. ಆ ಕಂಪನಿ ಆಗ ಬ್ರಿಟಿಷ್ ಏರೋಸ್ಪೇಸ್‌ನಿಂದ ಬೆಳೆದ ಬಿಎಇ ಸಿಸ್ಟಮ್ಸ್‌ಗೇ ಸೇರಿತ್ತು. ಸುಮಾರು 2 ಲಕ್ಷ ಬಂದೂಕು, 9 ಕೋಟಿ 20 ಲಕ್ಷ ಪೌಂಡ್ ಖರ್ಚು.

ಅವರು ಏನು ಮಾಡಲಿಲ್ಲ ಅನ್ನುವುದನ್ನು ಮೊದಲು ನೋಡಬೇಕು. ಹೊಸ ಬಂದೂಕು ಮಾಡಲಿಲ್ಲ. ತಗಡಿನ ದೇಹ, ಬುಲ್‌ಪಪ್ ಆಕಾರ, ದುರ್ಬೀನು ಹಾಗೇ ಉಳಿದವು. ಬೋಲ್ಟ್, ಕೇಸನ್ನು ಹಿಡಿದೆಳೆಯುವ ಕೊಕ್ಕೆ, ಫೈರಿಂಗ್ ಪಿನ್, ಹ್ಯಾಮರ್, ಸ್ಪ್ರಿಂಗ್‌ಗಳು, ಗ್ಯಾಸ್ ಭಾಗಗಳು, ಮ್ಯಾಗಜಿನ್ ಎಲ್ಲ ಹೊಸದಾಗಿ ಬಂದವು. ಕಾಕಿಂಗ್ ಹ್ಯಾಂಡಲ್‌ಗೆ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಆಕಾರ ಕೊಟ್ಟರು. ಕೇಸ್ ಅದಕ್ಕೆ ಬಡಿದರೂ ಒಳಕ್ಕೆ ಬಾರದೆ ಹೊರಕ್ಕೇ ಜಾರುವ ಹಾಗೆ. ಸಾವಿರಾರು ಸೈನಿಕರ ಬೈಗುಳಕ್ಕೆ ಕಾರಣವಾದ ಒಂದು ತೊಂದರೆಗೆ ಉತ್ತರ ಬೆರಳುದ್ದದ ಒಂದು ಲೋಹದ ತುಂಡು.

ಪರೀಕ್ಷೆಯ ಕ್ರಮವೂ ಬದಲಾಯಿತು. ಬ್ರಿಟನ್ನಿನ ತಂಪು ಹವೆ, ಅಲಾಸ್ಕಾದ ಹಿಮ, ಬ್ರೂನೈನ ಒದ್ದೆ ಕಾಡು, ಕುವೈತಿನ ಮರಳು, ನಾಲ್ಕೂ ಕಡೆ ಬಂದೂಕನ್ನು ಕೊಂಡೊಯ್ದರು. ಯುದ್ಧದಲ್ಲಿ ಒಬ್ಬ ಸೈನಿಕ ಎಷ್ಟು ಹೊತ್ತಲ್ಲಿ ಎಷ್ಟು ಗುಂಡು ಹಾರಿಸಬಹುದು ಅಂತ ಲೆಕ್ಕ ಹಾಕಿ, ಅದನ್ನೇ ಅಳತೆಗೋಲು ಮಾಡಿಕೊಂಡರು. ಎಲ್85ಎ2 ಅನ್ನುವ ಹೊಸ ಹೆಸರಲ್ಲಿ ಬಂದ ಬಂದೂಕು ಈ ಪರೀಕ್ಷೆಗಳನ್ನು ದಾಟಿತು.

ದಾಟಿದರೂ ನಂಬಿಕೆ ಕೂಡಲೇ ಬರಲಿಲ್ಲ. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ನೌಕಾ ಕಮಾಂಡೊಗಳಿಂದ ಮತ್ತೆ ಜಾಮ್ ಆಗುವ ದೂರು ಬಂತು. ತನಿಖೆ ನಡೆದಾಗ, ಹೊಸ ಬಂದೂಕಿಗೆ ಹೇಳಿದ್ದ ಶುಚಿ ಮಾಡುವ, ಎಣ್ಣೆ ಹಾಕುವ ಕ್ರಮವನ್ನು ಸರಿಯಾಗಿ ಪಾಲಿಸಿರಲಿಲ್ಲ ಅನ್ನುವುದು ಹೊರಬಂತು. ಇದನ್ನು ಸೈನಿಕರ ತಪ್ಪು ಅಂತ ಓದುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಹಳೇ ಬಂದೂಕಿನ ಜೊತೆ ಬದುಕಲು ಕಲಿತ ಅಭ್ಯಾಸಗಳನ್ನು ಕೈ ಸುಮ್ನೆ ಮರೆಯುವುದಿಲ್ಲ. ಯಂತ್ರ ಬದಲಿಸಿದರೆ ತರಬೇತಿಯನ್ನೂ ಅಷ್ಟೇ ಮುತುವರ್ಜಿಯಿಂದ ಬದಲಿಸಬೇಕು.

ಇರಾಕ್, ಅಫ್ಘಾನಿಸ್ತಾನದ ಉದ್ದನೆಯ ಯುದ್ಧಗಳಲ್ಲಿ ಎ2 ನಿಂತಿತು. ಇದನ್ನು ಆಸ್ಟ್ರಿಯಾದ ಎಯುಜಿ ಪಕ್ಕ ಇಟ್ಟು ನೋಡಿದರೆ ಆಕಾರದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದೂ ಬುಲ್‌ಪಪ್, 1970ರ ದಶಕದ ಕೊನೆಯಿಂದ ಸೇವೆಯಲ್ಲಿದೆ, ಆಸ್ಟ್ರೇಲಿಯಾ ಕೂಡ ಅದರ ವಂಶದ್ದನ್ನೇ ಬಳಸುತ್ತಿದೆ. ಎನ್‌ಫೀಲ್ಡ್‌ನ ನಕ್ಷೆಯಲ್ಲೂ ಅದೇ ಶಕ್ತಿ ಇತ್ತು. ಇಲ್ಲದ್ದು, ದೋಷ ಕಂಡ ಸೈನಿಕನಿಂದ ನಕ್ಷೆಯ ಮೇಜಿನ ತನಕ ಒಂದು ನೇರ ದಾರಿ. 1985ರಲ್ಲೇ ಬಂದೂಕನ್ನು ಇನ್ನೆರಡು ವರ್ಷ ತಡೆಹಿಡಿದು ಕುವೈತ್‌ನಂಥ ಕಡೆ ಪರೀಕ್ಷಿಸಿದ್ದರೆ ಆಮೇಲೆ ತೆತ್ತ ಹಣದ ಸಣ್ಣ ಪಾಲಲ್ಲಿ ಕೆಲಸ ಮುಗಿಯುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

2018ರ ಹೊತ್ತಿಗೆ ಎ3 ಬಂತು. ಸ್ವಲ್ಪ ಹಗುರ, ಹೊಸ ಮುಂಗೈ ಹಿಡಿಕೆ, ಮಣ್ಣಿನ ಬಣ್ಣ. ಬದಲಿ ರೈಫಲ್ ಹುಡುಕಲು ಪ್ರಾಜೆಕ್ಟ್ ಗ್ರೇಬರ್ನ್ ಅನ್ನುವ ಯೋಜನೆ ಶುರುವಾಗಿದೆ. 2023ರಲ್ಲಿ ರೇಂಜರ್ ರೆಜಿಮೆಂಟ್ ಮತ್ತು ಕಮಾಂಡೊಗಳಿಗೆ ಆರಿಸಿದ ಕೆಎಸ್-1 ರೈಫಲ್ ಬುಲ್‌ಪಪ್ ಅಲ್ಲ, ಅದನ್ನು ಯಾವ ಭುಜದಿಂದ ಬೇಕಾದರೂ ಹಾರಿಸಬಹುದು. ಎಸ್‌ಎ80ಯಲ್ಲಿ ಬೋಲ್ಟ್‌ನಿಂದ ಮ್ಯಾಗಜಿನ್ ತನಕ ಎಲ್ಲವನ್ನೂ ಬದಲಿಸಲು ಆಯಿತು. ಎಡಭುಜದಿಂದ ಹಾರಿಸಲು ಮಾತ್ರ ಇವತ್ತಿಗೂ ಆಗುವುದಿಲ್ಲ.